ಶೇವಂತೆವ್ವ ಆರಿಸದ ಕರ್ಪೂರ

ಸತ್ತೂರಿನ ಶೇವಂತೆವ್ವನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಇದು ಅವಳ ಮೇಲಿನ ದೂರಲ್ಲ. ಅವಳ ಕಸುಬೇ ಹಾಗಿತ್ತು. ಹುಬ್ಬಳ್ಳಿ–ಧಾರವಾಡದ ರಸ್ತೆಯಿಂದ ಕೂಗಳತೆಯ ದೂರದಲ್ಲಿದ್ದ ಒಂದು ಮಾವಿನ ತೋಟವನ್ನು ಅವಳು ಕಾಯುತ್ತಿದ್ದಳು. ಮರದ ಬುಡದಲ್ಲಿ ಬಿದ್ದ ಮಿಡಿಗಾಯಿಯ ತೊಟ್ಟು ನೋಡಿ, ಇದು ಗಾಳಿಗೆ ಉದುರಿದ್ದೋ, ಅಳಿಲು ಕಡಿದದ್ದೋ, ದಾರಿಹೋಕರು ಕೆಡವಿದ್ದೋ ಎಂದು ಹೇಳಿಬಿಡುತ್ತಿದ್ದಳು. ತೋಟಕ್ಕೆ ಬಂದವರು ಬೀಗರೇ ಆಗಿರಲಿ, ಹೊರಡುವಾಗ ಅವರ ಉಡಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸದೆ ಕಳುಹಿಸುತ್ತಿರಲಿಲ್ಲ.

ಅವಳ ತವರು ಉಪ್ಪಿನಬೆಟಗೇರಿ. ಗಂಡ ಹುಚ್ಚಪ್ಪ ಇದೇ ತೋಟದ ಕಾವಲಿಗನಾಗಿದ್ದ. ಮೂರು ದಿನದ ಜ್ವರದಲ್ಲಿ ಅವನು ತೀರಿಕೊಂಡಾಗ ಶೇವಂತೆವ್ವನಿಗೆ ಮೂವತ್ತೂ ತುಂಬಿರಲಿಲ್ಲ, ಮಕ್ಕಳೂ ಇರಲಿಲ್ಲ. ತವರಿಗೆ ಬಾ ಎಂದು ಅಣ್ಣಂದಿರು ಕರೆದರು. ಅತ್ತಿಗೆಯರ ಮುಖ ನೋಡಿ ಅವಳಿಗೆ ಆ ಕರೆಯ ಮೇಲೂ ಸಂಶಯ ಬಂತು. ದಿನಕರ್ಮ ಮುಗಿದ ಮರುದಿನವೇ ಗಂಡನ ಪುಂಡಿನಾರಿನ ಕವಣೆ ಹಿಡಿದು ಅಟ್ಟಣಿಗೆ ಹತ್ತಿದಳು. ತೋಟದ ಫಸಲನ್ನು ವರ್ಷವರ್ಷ ಗುತ್ತಿಗೆ ಹಿಡಿಯುತ್ತಿದ್ದ ಹುಬ್ಬಳ್ಳಿಯ ಹುಸೇನಬಾಷಾ ಬಂದು ನೋಡಿ, "ಹೆಣ್ಣಮಗಳು, ಮಂಗ್ಯಾ-ಮುಸವ ಓಡಸ್ತಾಳೇನು?" ಎಂದ. ಕವಣೆ ಬೀಸಿ, ಮೂವತ್ತು ಮಾರು ಆಚೆಯ ಮರದ ತುದಿಯಲ್ಲಿದ್ದ ಒಣಕಡ್ಡಿಯನ್ನು ಮುರಿದಳು. ಹುಸೇನಬಾಷಾ ಅಂದಿನಿಂದ ಅವಳನ್ನು "ಶೇವಂತಕ್ಕಾ" ಎಂದೇ ಕರೆದ. ಕಾವಲು ಇರುವವರೆಗೆ ತೋಟದ ಗುಡಿಸಲು ಅವಳದು. ಕಾವಲು ಹೋದರೆ ಗುಡಿಸಲೂ ಹೋದಂತೆ. ಬೇರೆ ಮನೆ ಅವಳಿಗಿರಲಿಲ್ಲ.

ಕವಣೆಗೆ ಅವಳು ಇಡುತ್ತಿದ್ದುದು ಕಲ್ಲಲ್ಲ, ಮಣ್ಣಿನ ಉಂಡೆ. ಅದು ಊರಿನ ಕಟ್ಟಳೆ. ಮುಸುವಗಳೆಂಬ ಕರಿಯ ಮೋರೆಯ, ಉದ್ದ ಬಾಲದ ಕೋತಿಗಳು ಹನುಮಪ್ಪ ದೇವರ ಮಂದಿ. ಅವುಗಳನ್ನು ಬೆದರಿಸಬಹುದು, ನೋಯಿಸಬಾರದು. ಶಿವರಾತ್ರಿ ಕಳೆದೊಡನೆ ಕಾವಲಿಗರು ಕೆರೆಯ ಜಿಗುಟು ಮಣ್ಣು ತಂದು, ಹರಳು ಆರಿಸಿ, ನಿಂಬೆಹಣ್ಣಿನಷ್ಟು ದಪ್ಪದ ಉಂಡೆ ಕಟ್ಟಿ ಬಿಸಿಲಿಗೆ ಒಣಗಿಸುತ್ತಿದ್ದರು. ಕೊಂಬೆಗೆ ತಾಗಿದ ಉಂಡೆ ಪಟ್ಟನೆ ಒಡೆದು ಧೂಳಾಗುತ್ತಿತ್ತು. ಆ ಸದ್ದಿಗೇ ಮುಸುವಗಳು ಓಡುತ್ತಿದ್ದವು. ಎಲ್ಲಿಯಾದರೂ ಒಂದು ಮುಸುವ ಸತ್ತರೆ ಊರವರು ಅರಿವೆ ಹೊದಿಸಿ, ಭಜನೆ ಮಾಡುತ್ತ ಒಯ್ದು, ಮನುಷ್ಯರನ್ನು ಹೂಳಿದಂತೆಯೇ ಹೂಳುತ್ತಿದ್ದರು.

ಹನ್ನೆರಡು ವರ್ಷ ಅಟ್ಟಣಿಗೆಯ ಮೇಲೆ ಕುಳಿತ ಶೇವಂತೆವ್ವನಿಗೆ ಆ ಮಂದಿಯ ಬಾಳುವೆ ಚೆನ್ನಾಗಿ ಗೊತ್ತಿತ್ತು. ಅವುಗಳಿಗೂ ಹೊಲ ಇತ್ತು, ಗಡಿ ಇತ್ತು. ರಸ್ತೆಬದಿಯ ಹುಣಸೆಯ ಸಾಲಿನಿಂದ ಹಳ್ಳದ ದಂಡೆಯ ಅತ್ತಿಮರದವರೆಗಿನದು ಒಂದು ಹಿಂಡಿನದು: ಒಂದೇ ಒಂದು ದೊಡ್ಡ ಗಂಡು, ಹತ್ತು ಹನ್ನೆರಡು ಹೆಣ್ಣು, ಅವುಗಳ ಮರಿಗಳು. ಬೆಳಕು ಹರಿಯುತ್ತಲೇ ಆ ಗಂಡು ಎತ್ತರದ ಹುಣಸೆಯ ನೆತ್ತಿಯಲ್ಲಿ ಕುಳಿತು "ಹೂಪ್, ಹೂಪ್" ಎಂದು ಎದೆಯಾಳದಿಂದ ಕೂಗುತ್ತಿತ್ತು. ಹಳ್ಳದಾಚೆಯ ಹಿಂಡಿನ ಗಂಡು ಅಲ್ಲಿಂದಲೇ ಮಾರುತ್ತರ ಕೊಡುತ್ತಿತ್ತು. ನಾನು ಇಲ್ಲಿದ್ದೇನೆ, ನೀನು ಅಲ್ಲೇ ಇರು ಎಂಬಷ್ಟೇ ಮಾತು. ಅತ್ತಿ ಹಣ್ಣಾದಾಗ ಮಾತ್ರ ಎರಡೂ ಹಿಂಡು ದಂಡೆಗೆ ಬಂದು, ಹಲ್ಲು ಕಿಸಿದು, ಕೊಂಬೆಗಳನ್ನು ಜಗ್ಗಾಡಿ, ಒಂದರ ಮೇಲೊಂದು ಹಾರಿ ಬೀಳುತ್ತಿದ್ದವು. ಕಚ್ಚಾಟಕ್ಕಿಂತ ಆರ್ಭಟವೇ ಹೆಚ್ಚು. ಇವೆರಡಕ್ಕೂ ಸೇರದ ಬರೀ ಗಂಡುಗಳ ಗುಂಪೊಂದಿತ್ತು. ಹೊಲವಿಲ್ಲ, ಹೆಣ್ಣಿಲ್ಲ, ಯಾರ ಗಡಿಯಲ್ಲೂ ಎರಡು ಹೊತ್ತು ನಿಲ್ಲಗೊಡುವವರಿಲ್ಲ. ಶೇವಂತೆವ್ವ ಅವುಗಳಿಗೆ "ಉಡಾಳ ಮಂದಿ" ಎಂದು ಹೆಸರಿಟ್ಟಿದ್ದಳು.

ಅವಳ ತೋಟಕ್ಕೂ ಪಕ್ಕದ ತೋಟಕ್ಕೂ ನಡುವೆ ಒಂದು ಒಡ್ಡು. ಆಚೆಯ ತೋಟದ ಕಾವಲು ಗುರುಶಿದ್ದಪ್ಪನದು; ಅವಳಿಗಿಂತ ಹತ್ತು ವರ್ಷ ಹಿರಿಯ, ಒಂದು ಕರಿನಾಯಿಯ ಯಜಮಾನ. ಒಂದೇ ಹಿಂಡು ಎರಡೂ ತೋಟಗಳನ್ನು ಮೇಯುತ್ತಿತ್ತು. ಹಾಗಾಗಿ ಹಿಂಡನ್ನು ಓಡಿಸುವುದೆಂದರೆ ಒಡ್ಡಿನ ಆಚೆಗೆ ಅಟ್ಟುವುದು ಎಂದೇ ಇಬ್ಬರೂ ತಿಳಿದಿದ್ದರು. ಹನ್ನೆರಡು ವರ್ಷದಿಂದ ಅದೇ ಜಗಳ.

"ಗುರುಶಿದ್ದಣ್ಣಾ, ಮುಂಜಾನಿಂದ ನಿನ್ನ ಮಂದೀನ ನನ್ನ ತ್ವಾಟಕ್ಕ ಅಟ್ಟಾಕತ್ತೀಯಲ್ಲ, ನಾಚಿಕಿ ಐತೇನು?"

"ಅವಕ್ಕ ನಿನ್ನ ತ್ವಾಟದ ರುಚಿ ಹತ್ತೇತಿ ತಂಗಿ. ನಾ ಬ್ಯಾಡ ಅಂದ್ರ ಕೇಳ್ತಾವೇನು?"

"ಕೇಳೂ ಹಂಗ ನಾ ಮಾಡ್ತೇನಿ ತಡಿ. ನಿನ್ನ ನಾಯಿಗೂ ಸೇರಿಸಿ ಹೇಳಾಕತ್ತೇನಿ!"

ಹೀಗೆ ಬಯ್ದಾಡಿದವರೇ ಮಧ್ಯಾಹ್ನ ಒಡ್ಡಿನ ಮೇಲೆ ಕುಳಿತು ರೊಟ್ಟಿಗೆ ಚಟ್ನಿ ಹಂಚಿಕೊಳ್ಳುತ್ತಿದ್ದರು. ಹಂಚಿಕೊಳ್ಳುವಾಗಲೂ ಒಬ್ಬರ ಕಣ್ಣು ಇನ್ನೊಬ್ಬರ ಕವಣೆಯ ಮೇಲೆ.

ಸಾವಿರದ ಒಂಬೈನೂರ ಅರವತ್ತೆರಡರ ಯುಗಾದಿಯ ಹೊತ್ತಿಗೆ ಉಡಾಳ ಮಂದಿ ಬಂತು. ಏಳು ಗಂಡು. ನಾಲ್ಕು ದಿನ ಹುಣಸೆಯ ಸಾಲಿನಲ್ಲಿ ಎಂಥ ಕಾಳಗ ನಡೆಯಿತೆಂದರೆ, ರಸ್ತೆಯಲ್ಲಿ ಹೋಗುವ ಚಕ್ಕಡಿಯ ಎತ್ತುಗಳೂ ಬೆದರಿ ನಿಂತವು. ಐದನೆಯ ದಿನ ಹಿಂಡಿನ ಮುದಿ ಗಂಡು ಕಿವಿ ಹರಿದುಕೊಂಡು, ಒಂದು ಕಾಲು ಎಳೆಯುತ್ತ, ಒಂಟಿಯಾಗಿ ಹಳ್ಳದ ಕೆಳಗಿನ ಕುರುಚಲಿಗೆ ಹೋಯಿತು. ಗೆದ್ದವುಗಳಲ್ಲಿ ಹುಬ್ಬಿನ ಮೇಲೆ ಗಾಯದ ಗೆರೆಯಿದ್ದ ಒಂದು ತನ್ನ ಜೊತೆಗಾರರನ್ನೂ ಕಚ್ಚಿ ಓಡಿಸಿ, ತಾನೊಂದೇ ಉಳಿಯಿತು. ಮರುದಿನ ಬೆಳಗಿನ ಕೂಗು ಬೇರೆ ಗಂಟಲಿನದು. ಶೇವಂತೆವ್ವ ಅದನ್ನು ಗಮನಿಸಿದಳು. ಹೊಡೆದಾಟದ ಗದ್ದಲದಲ್ಲಿ ನಾಲ್ಕು ದಿನ ಯಾವುದೂ ಕಾಯಿಗೆ ಬಾಯಿ ಹಾಕಿರಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಅದರಾಚೆಗೆ ಅವಳ ಯೋಚನೆ ಹೋಗಲಿಲ್ಲ.

ಹನುಮಪ್ಪನ ತೊಟ್ಟಿಲಿಗೆ ಇನ್ನೂ ಹತ್ತು ದಿನ ಇತ್ತು. ಚೈತ್ರದ ಹುಣ್ಣಿಮೆಯ ದಿನ ಸೂರ್ಯ ಮೂಡುವ ಹೊತ್ತಿಗೆ ಗುಡಿಯಲ್ಲಿ ಬಾಲ ಹನುಮಪ್ಪನನ್ನು ತೊಟ್ಟಿಲಲ್ಲಿ ಹಾಕಿ, ಹೆಂಗಸರು ಜೋಗುಳ ಹಾಡಿ ತೂಗುವುದು ಊರಿನ ವಾಡಿಕೆ. ಆ ತೊಟ್ಟಿಲಿಗೆ ಕಟ್ಟುವ ಮಾವಿನ ಗೊಂಚಲು ಪ್ರತಿವರ್ಷ ಶೇವಂತೆವ್ವ ಕಾಯುವ ತೋಟದಿಂದಲೇ ಹೋಗಬೇಕು. ಅದೇ ವರ್ಷ, ಅದೇ ತೋಟದಲ್ಲಿ, ಸೆಗಣಿ ಆರಿಸಲು ಬಂದ ಹೆಂಗಸರಿಗೆ ಸತ್ತ ಮುಸುವದ ಮರಿಯೊಂದು ಸಿಕ್ಕಿತು. ಅಂಗೈಯಷ್ಟು ಮುಖ, ತಲೆಯ ಮೇಲೆ ಗಾಯ. ಊರು ಭಜನೆ ಮಾಡಿ ಹೂಳಿತು. ನಾಲ್ಕು ದಿನ ಬಿಟ್ಟು ಒಡ್ಡಿನ ಮೇಲೆ ಇನ್ನೊಂದು. ಅದಕ್ಕೂ ತಲೆಗೇ ಪೆಟ್ಟು. ಈ ಸಲ ಭಜನೆಯ ದನಿ ಸಣ್ಣದಾಗಿತ್ತು, ಪಿಸುಮಾತು ದೊಡ್ಡದಾಗಿತ್ತು. ಮೂವತ್ತು ಮಾರು ಆಚೆಯ ಒಣಕಡ್ಡಿ ಮುರಿಯುವ ಕೈ ಊರಿನಲ್ಲಿ ಒಂದೇ.

ಗುಡಿಯ ಪಂಚರ ಹಿರಿಯ ಸೋಮಪ್ಪ ಒಂದು ಮುಂಜಾನೆ ನಾಲ್ಕು ಜನರೊಡನೆ ತೋಟಕ್ಕೆ ಬಂದ. ಎಪ್ಪತ್ತರ ಮನುಷ್ಯ, ಬಿಳಿಯ ರುಮಾಲು, ಕೈಯಲ್ಲಿ ಬೆತ್ತ. ಗುಡಿಸಲಿನ ಮುಂದೆ ಒಣಗಿಸಿದ್ದ ಉಂಡೆಗಳ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದನ್ನೇ ಕಲ್ಲಿನ ಮೇಲೆ ಕುಟ್ಟಿ ಒಡೆಯತೊಡಗಿದ.

"ಏನ್ ಹುಡುಕಾಕತ್ತೀರಿ ಹಿರಿಯಾರ?"

"ಉಂಡಿ ಒಳಗ ಕಲ್ಲು ಐತೇನು ಅಂತ ನೋಡಾಕತ್ತೇನಿ."

"ನೋಡ್ರಿ. ಸಾವಕಾಶ ನೋಡ್ರಿ. ಒಡದಷ್ಟು ಮತ್ತ ಕಟ್ಟಿ ಕೊಟ್ಟು ಹೋಗ್ರಿ ಅಷ್ಟ."

ಜೊತೆಗೆ ಬಂದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಸೋಮಪ್ಪ ನಗಲಿಲ್ಲ. ಅರವತ್ತು ಎಪ್ಪತ್ತು ಉಂಡೆ ಒಡೆದ; ಒಂದರಲ್ಲೂ ಹರಳಿರಲಿಲ್ಲ. ಕೈ ಕೊಡವಿಕೊಂಡು ಎದ್ದು, "ಕಲ್ಲು ಇಟ್ಟಾಕಿ ಇಲ್ಲೇ ಇಟ್ಟಿರತಾಳೇನು?" ಎಂದ. ಮಣ್ಣಿನ ಪುಡಿಯ ನಡುವೆ ಶೇವಂತೆವ್ವ ನಿಂತೇ ಇದ್ದಳು.

ಅವಳ ಸಂಶಯ ಬೇರೆ ಕಡೆಗೆ ಇತ್ತು. ಎರಡನೆಯ ಮರಿಯನ್ನು ಹೂಳುವ ಮೊದಲು ಅವಳು ಬಗ್ಗಿ ನೋಡಿದ್ದಳು. ಕಲ್ಲಿನ ಪೆಟ್ಟಾದರೆ ಒಂದು ಕಡೆ ಜಜ್ಜಬೇಕು. ಇಲ್ಲಿ ಎರಡು ತೂತು, ಹಲ್ಲು ನೆಟ್ಟ ಹಾಗೆ. ಹಲ್ಲು ಯಾರಿಗಿದೆ? ಗುರುಶಿದ್ದಪ್ಪನ ಕರಿನಾಯಿಗೆ. ಮರಿ ಸಿಕ್ಕದ್ದು ಎಲ್ಲಿ? ಒಡ್ಡಿನ ಮೇಲೆ. ಅಂದಿನಿಂದ ಅವಳು ಅಟ್ಟಣಿಗೆಯ ಮೇಲೆ ಮರಗಳಿಗೆ ಬೆನ್ನು ಮಾಡಿ, ಒಡ್ಡಿನ ಕಡೆಗೇ ಮುಖ ಮಾಡಿ ಕುಳಿತಳು. ಅತ್ತ ಗುರುಶಿದ್ದಪ್ಪನೂ ತನ್ನ ಅಟ್ಟಣಿಗೆಯ ಮೇಲೆ ಇತ್ತಲೇ ಮುಖ ಮಾಡಿ ಕುಳಿತಿದ್ದ. ಮುಸುವಗಳು ಇಬ್ಬರ ಬೆನ್ನ ಹಿಂದೆ ಏನು ಬೇಕಾದರೂ ಮಾಡಬಹುದಾಗಿತ್ತು.

ಒಂದು ಮಧ್ಯಾಹ್ನ ಅವನು ಊರೊಳಗೆ ಹೋದದ್ದನ್ನು ನೋಡಿ ಅವಳು ಒಡ್ಡು ದಾಟಿದಳು. ಅವನ ಉಂಡೆಗಳನ್ನೂ ಸೋಮಪ್ಪನಂತೆಯೇ ಒಡೆದು ನೋಡಿದಳು. ನಾಯಿಯ ಬಾಯಿ ತೆರೆದು ಹಲ್ಲು ನೋಡುತ್ತಿರುವಾಗ ಹಿಂದಿನಿಂದ ಗುರುಶಿದ್ದಪ್ಪ ಬಂದ.

"ನನ್ನ ನಾಯಿಗೆ ಹಲ್ಲುಬ್ಯಾನಿ ಐತೇನ ತಂಗಿ?"

ಶೇವಂತೆವ್ವ ನಾಚಲಿಲ್ಲ. "ಮರಿ ತಲಿಮ್ಯಾಲೆ ಹಲ್ಲಿನ ಗುರುತು ಇತ್ತು. ಮಂಗ್ಯಾನ ಮರಿ ಕಚ್ಚೂದು ಇದಲ್ಲದ ಮತ್ತ್ಯಾವುದು?"

"ಅದರ ಬಾಯಾಗ ನಾಕು ಹಲ್ಲು ಉಳದಾವು. ರೊಟ್ಟಿ ನೀರಾಗ ತೋಯಿಸಿ ಹಾಕ್ತೇನಿ. ಇದು ಮರ ಹತ್ತಿ ಮರಿ ಹಿಡೀತೈತೇನು? ನಿನ್ನ ಕವಣಿ ಎಲ್ಲಿತನಕ ಮುಟ್ಟತೈತಿ ಅಂತ ನನಗ ಗೊತ್ತಿಲ್ಲೇನು?"

ಆ ನಾಯಿಯ ಬಾಯಲ್ಲಿ ನಿಜವಾಗಿಯೂ ನಾಲ್ಕಕ್ಕಿಂತ ಹೆಚ್ಚು ಹಲ್ಲಿರಲಿಲ್ಲ. ಅವಳು ಕಣ್ಣಾರೆ ನೋಡಿದ್ದಳು. ಆದರೂ ಒಪ್ಪಿಕೊಳ್ಳದೆ ಎದ್ದು ಬಂದಳು.

ಮರುದಿನ ಪಂಚರ ಕರೆಯ ಮೇಲೆ ಹುಸೇನಬಾಷಾ ಹುಬ್ಬಳ್ಳಿಯಿಂದ ಬಂದ. ರಸ್ತೆಯಲ್ಲಿ ಬಸ್ಸು ಇಳಿದು ಒಳಗೆ ಬರುವಷ್ಟರಲ್ಲಿ ಪಂಚರು ಅವನನ್ನು ಹಿಡಿದಿದ್ದರು. ಗುಡಿಸಲಿನ ಮುಂದಿನ ನೆರಳಿನಲ್ಲಿ ಕುಳಿತು, ಟೊಪ್ಪಿಗೆ ತೆಗೆದು ಗಾಳಿ ಬೀಸಿಕೊಂಡ.

"ಶೇವಂತಕ್ಕಾ, ನಾ ಹೊರಗಿನವ. ಈ ಊರಾಗ ನನ್ನ ಮರ ಅದಾವು, ನಾನಿಲ್ಲ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗುಡಿಯಾಗ ನೀನೂ ಗುರುಶಿದ್ದಪ್ಪನೂ ಕರ್ಪೂರ ಆರಿಸಿ ಆಣಿ ಮಾಡಬೇಕಂತ. ಮಾಡದಿದ್ರ ಕಾವಲಿಂದ ತಗೀಬೇಕಂತ. ನಾ ಇಲ್ಲ ಅಂದ್ರ ನನ್ನ ಗಾಡಿ ಊರ ದಾಟೂದಿಲ್ಲ."

"ಆಣಿ ಮಾಡ್ತೇನಿ. ನನಗೇನು ಅಂಜಿಕಿ?"

ಆ ಊರಿನ ಆಣೆಗೆ ಎರಡು ಮಾತು. 'ನಾನು ಮಾಡಿಲ್ಲ, ಮಾಡಿದವರು ಯಾರೆಂದು ನನಗೆ ತಿಳಿದಿಲ್ಲ' ಎಂದು ಒಂದೇ ಉಸಿರಿನಲ್ಲಿ ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಬೇಕು. ಸುಳ್ಳಾಡಿ ಆರಿಸಿದವರ ಮನೆಯಲ್ಲಿ ದೀಪ ಉಳಿಯುವುದಿಲ್ಲವೆಂದು ನಂಬಿಕೆ. ಅಂದು ಅವಳ ಪಾಲಿಗೆ ಎರಡು ಮಾತೂ ನಿಜವಾಗಿದ್ದವು.

ಹಬ್ಬಕ್ಕೆ ಮೂರು ದಿನ ಇದ್ದಾಗ ಅವಳು ಒಡ್ಡಿನ ಮೇಲೆ ನಿಂತು ಗುರುಶಿದ್ದಪ್ಪನನ್ನು ಕೂಗಿದಳು. "ನೀ ನನ್ನ ನಂಬೂದಿಲ್ಲ, ನಾ ನಿನ್ನ ನಂಬೂದಿಲ್ಲ. ಇಬ್ಬರೂ ಇಲ್ಲೇ ಕೂಡ್ರೂಣು. ಕವಣಿ ಎರಡೂ ಗಂಟು ಕಟ್ಟಿ ನಡುವ ಇಡೂಣು. ನೀ ನನ್ನ ಕಾಯಿ, ನಾ ನಿನ್ನ ಕಾಯ್ತೇನಿ."

"ನಾಯಿ?"

"ನಾಯಿ ನಿನ್ನ ಮಗ್ಗಲದಾಗ. ನನ್ನ ಕಣ್ಣಿಗೆ ಕಾಣೂ ಹಂಗ."

ಹೀಗೆ ಇಬ್ಬರು ಕಾವಲಿಗರು ಒಬ್ಬರನ್ನೊಬ್ಬರು ಕಾಯುತ್ತ ಬಿಸಿಲಲ್ಲಿ ಕುಳಿತರು. ಮೊದಲ ದಿನ ಏನೂ ಆಗಲಿಲ್ಲ. ತೋಟಗಳೆರಡರಲ್ಲೂ ಬೇಕಾದಷ್ಟು ಕಾಯಿ ಉದುರಿತು. ಎರಡನೆಯ ದಿನ, ಊಟದ ಹೊತ್ತು ಕಳೆದು ಗಾಳಿ ಬಿದ್ದಿದ್ದಾಗ, ಹಿಂಡು ಒಡ್ಡಿನ ಪಕ್ಕದ ಬೇವಿನ ಮರದಲ್ಲಿ ತೂಕಡಿಸುತ್ತಿತ್ತು. ಮೂರು ತಾಯಂದಿರ ಮಡಿಲಲ್ಲಿ ಇನ್ನೂ ಮರಿಗಳಿದ್ದವು. ಹುಬ್ಬಿನ ಗಾಯದ ಗಂಡು ಮೇಲಿನ ಕೊಂಬೆಯಲ್ಲಿ ಬಾಲ ಇಳಿಬಿಟ್ಟು ಸುಮ್ಮನೆ ಕುಳಿತಿತ್ತು. ಅದು ಎದ್ದದ್ದನ್ನು ಇಬ್ಬರೂ ನೋಡಿದರು. ಕಾಯಿಗೆ ಹೋಗುತ್ತದೆಂದು ಗುರುಶಿದ್ದಪ್ಪ "ಹುಶ್" ಎಂದ. ಅದು ಕಾಯಿಗೆ ಹೋಗಲಿಲ್ಲ. ಎರಡು ನೆಗೆತಕ್ಕೆ ಕೆಳಗಿನ ಕೊಂಬೆಗೆ ಇಳಿದು, ತಾಯಿಯ ಎದೆಯಿಂದ ಮರಿಯನ್ನು ಬಾಯಿಂದಲೇ ಕಿತ್ತುಕೊಂಡಿತು. ಹೆಣ್ಣುಗಳೆಲ್ಲ ಚೀರಿ ಅದರ ಮೇಲೆ ಬಿದ್ದವು. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಮರಿ ಒಡ್ಡಿನ ಮೇಲೆ, ಇಬ್ಬರ ನಡುವೆ ಇಟ್ಟಿದ್ದ ಕವಣೆಗಳ ಗಂಟಿನಿಂದ ಎರಡು ಮಾರು ಆಚೆಗೆ ಬಿತ್ತು. ತಾಯಿ ಇಳಿದು ಬಂದು, ಮನುಷ್ಯರು ಇದ್ದಾರೆಂಬುದನ್ನೂ ಲೆಕ್ಕಿಸದೆ, ಅದನ್ನು ಎತ್ತಿ ಎದೆಗೆ ಒತ್ತಿಕೊಂಡಿತು. ಮರಿಯ ಕೈ ಜೋತುಬಿದ್ದಿತ್ತು. ತಾಯಿ ಆ ಕೈಯನ್ನು ಹಿಡಿದು ತನ್ನ ತುಪ್ಪಳಕ್ಕೆ ಸಿಕ್ಕಿಸಲು ಮತ್ತೆ ಮತ್ತೆ ನೋಡಿತು.

"ತನ್ನ ಮಂದಿ ಮರೀನ..." ಎಂದ ಗುರುಶಿದ್ದಪ್ಪ.

"ಅದರ ಮರಿ ಅಲ್ಲದು. ಹೋದ ಮುದಿಯಾನವು. ಇದು ಬಂದು ಇನ್ನ ಹದಿನೈದು ದಿನಾನೂ ಆಗಿಲ್ಲ." ಹೇಳುತ್ತಿದ್ದಂತೆ ಅವಳಿಗೇ ಎಲ್ಲ ಹೊಳೆಯಿತು. ಮೊದಲ ಮರಿ ಸತ್ತದ್ದು ಯಾವಾಗ, ಕೂಗಿನ ಗಂಟಲು ಬದಲಾದದ್ದು ಯಾವಾಗ. ಇಷ್ಟು ದಿನ ತಾನು ಮನುಷ್ಯರನ್ನು ಕಾದೆನಲ್ಲ ಎಂದು ಹಣೆ ಒತ್ತಿಕೊಂಡಳು.

ಸುತ್ತ ಯಾರಾದರೂ ಇದ್ದಾರೇನೋ ಎಂದು ಗುರುಶಿದ್ದಪ್ಪ ಕಣ್ಣು ಹಾಯಿಸಿದ. "ತಂಗಿ, ಇದು ನಾವು ನೋಡಿಲ್ಲ. ತಿಳೀತೇನು? ಹನುಮಪ್ಪನ ಗುಡಿಯಾಗ ನಿಂತು, ತೊಟ್ಟಿಲ ಮುಂದ, ಅವನ ಮಂದೀನ ಕೂಸು ಕೊಲ್ತಾರ ಅಂತ ಹೇಳ್ತೀ? ನಾಲಿಗಿ ಸೀಳ್ತಾರ. ಸುಮ್ಮನ ಆರಿಸಿಬಿಡು. ನಿನ್ನ ಗುಡಸಲಾ ನಿನಗ, ನನ್ನ ಗುಡಸಲಾ ನನಗ."

"ತಿಳಿದಿಲ್ಲ ಅಂತ ಹೆಂಗ ಅನ್ನೂದು? ತಿಳೀತಲ್ಲ!"

"ಯಾರಿಗೆ ಗೊತ್ತು ನಿನಗ ತಿಳಿದದ್ದು? ನನಗೊಬ್ಬಗ. ನಾ ಬಾಯಿ ಬಿಡೂದಿಲ್ಲ."

ಅವನು ಬಾಯಿ ಬಿಡುವುದಿಲ್ಲವೆಂಬುದರಲ್ಲಿ, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಅವಳಿಗೆ ಸಂಶಯ ಬರಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗುಡಿಯ ಅಂಗಳ ತುಂಬಿತ್ತು. ತೊಳೆದು ಅರಿಶಿನ ಹಚ್ಚಿದ ತೊಟ್ಟಿಲು ಮೂಲೆಯಲ್ಲಿತ್ತು; ಗೊಂಚಲು ಕಟ್ಟುವ ಕೊಂಡಿ ಖಾಲಿ ಇತ್ತು. ಹಿತ್ತಾಳೆಯ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಮೊದಲು ಗುರುಶಿದ್ದಪ್ಪ. ಕಣ್ಣು ಮುಚ್ಚಿ, ಎರಡು ಮಾತನ್ನೂ ಒಂದೇ ಉಸಿರಿಗೆ ಹೇಳಿ, ಅಂಗೈ ಒತ್ತಿ ಆರಿಸಿದ. ಒತ್ತಿದ ಕೈಯನ್ನು ಬೇಗ ಎತ್ತಲು ಮರೆತ. ಆಮೇಲೆ ಕಂಬದ ಮರೆಗೆ ಹೋಗಿ, ಕೈಯನ್ನು ಕಂಕುಳಲ್ಲಿ ಇರಿಸಿಕೊಂಡು ಕುಳಿತ.

ಶೇವಂತೆವ್ವನ ಮುಂದೆ ಹೊಸ ಕರ್ಪೂರ ಇಟ್ಟರು.

"ನಾ ಮಾಡಿಲ್ಲ" ಎಂದಳು. ಅಲ್ಲಿಗೇ ನಿಂತಳು.

"ಮುಂದಿಂದು?" ಎಂದ ಸೋಮಪ್ಪ.

"ಮುಂದಿಂದು ನನ್ನ ಬಾಯಾಗ ಬರೂದಿಲ್ರಿ."

ಕರ್ಪೂರ ತಾನಾಗಿ ಉರಿದು, ಕುಗ್ಗಿ, ತಟ್ಟೆಯಲ್ಲಿ ಕಪ್ಪು ಕಲೆ ಬಿಟ್ಟು ಆರಿತು. ಅಂಗಳದಲ್ಲಿ ಗುಜುಗುಜು ಎದ್ದಿತು. ಹಾಗಾದರೆ ಇವಳಿಗೆ ಗೊತ್ತು! ಯಾರನ್ನೋ ಮುಚ್ಚುತ್ತಿದ್ದಾಳೆ. "ಮತ್ತ್ಯಾರನ್ನ ಮುಚ್ಚತಾಳು? ಹುಬ್ಬಳ್ಳಿ ಸಾವಕಾರನ್ನ" ಎಂದಿತು ಹಿಂದಿನಿಂದ ಒಂದು ದನಿ. "ಕಾಯಿ ಉಳಸಾಕ ಅಂವನ ಮಂದಿ ಹಚ್ಚಿ ಹೊಡಿಸಿರಬೇಕು."

ಶೇವಂತೆವ್ವ ತಿರುಗಿ ನಿಂತಳು. "ಇಲ್ಲದವನ ಹೆಸರು ಎತ್ತಬ್ಯಾಡ್ರಿ. ಅಂವ ಯುಗಾದಿ ಆದ ಮ್ಯಾಲೆ ಒಂದ ದಿನಾ ಇಲ್ಲಿಗೆ ಬಂದದ್ದು, ಅದೂ ನೀವು ಕರಸಿದ್ರಿ ಅಂತ."

"ಹಂಗಾರ ಯಾರು? ಹೇಳು!" ಸೋಮಪ್ಪನ ಬೆತ್ತ ನೆಲಕ್ಕೆ ಬಡಿಯಿತು.

"ಹೇಳಿದ್ರ ನೀವು ನಂಬೂದಿಲ್ಲ. ನೋಡಿದ್ರ ನಂಬ್ತೀರಿ. ಇನ್ನ ಎರಡು ಮರಿ ಉಳದಾವು. ನೀವೊಬ್ಬರ ಬರ್ರಿ ಹಿರಿಯಾರ. ಹೊತ್ತು ಮುಣುಗೂತನಕ ನನ್ನ ಕೂಡ ಕೂಡ್ರಿ. ಏನೂ ಆಗದಿದ್ರ ನಾನ ನನ್ನ ಗಂಟು ಕಟ್ಟತೇನಿ."

ಸೋಮಪ್ಪ ಹೋದ. ನಂಬಿ ಅಲ್ಲ, ಇವಳ ಆಟ ಬಯಲಿಗೆ ಬರಲಿ ಎಂದು. ಬೇವಿನ ಮರದಿಂದ ತುಸು ದೂರ, ಬೇಲಿಯ ಮರೆಯಲ್ಲಿ ಇಬ್ಬರೂ ಕುಳಿತರು. ಬಿಸಿಲು ಇಳಿಯುತ್ತಿತ್ತು. ನಿನ್ನೆ ಮರಿ ಕಳೆದುಕೊಂಡ ತಾಯಿ ಇನ್ನೂ ಅದನ್ನು ಎದೆಗೆ ಹಿಡಿದೇ ಇತ್ತು. ಬದುಕಿದ ಮರಿಗಳ ತಾಯಂದಿರು ಹಿಂಡಿನಿಂದ ದೂರ, ಕೊಂಬೆಯ ತುದಿಯಲ್ಲಿ, ಗಂಡಿನ ಕಡೆಯಿಂದ ಕಣ್ಣು ತೆಗೆಯದೆ ಕುಳಿತಿದ್ದವು.

"ನನ್ನ ಇಲ್ಲಿ ಕೂಡ್ರಿಸಿ, ಆ ಕಡೆ ನಿನ್ನ ಮಂದಿ ಏನಾರ ಮಾಡಾಕತ್ತಾರೇನು?" ಎಂದ ಸೋಮಪ್ಪ.

"ನನ್ನ ಮಂದಿ ಯಾರದಾರ್ರೀ?" ಎಂದಳು ಶೇವಂತೆವ್ವ.

ಸೂರ್ಯ ಹುಣಸೆಯ ಸಾಲಿನ ಮೇಲೆ ನಿಂತಿದ್ದಾಗ ಗಂಡು ಎದ್ದಿತು. ತುದಿಯಲ್ಲಿದ್ದ ತಾಯಿ ಮರಿಯನ್ನು ಹೊಟ್ಟೆಗೆ ಒತ್ತಿಕೊಂಡು ಪಕ್ಕದ ಮರಕ್ಕೆ ಹಾರಿತು. ಗಂಡು ಬಿಡಲಿಲ್ಲ. ಅರ್ಧ ಬಾಲದ ಒಂದು ಛಲದ ಮುದಿ ಹೆಣ್ಣು ನಡುವೆ ಬಂದು ಅದರ ತೋಳು ಕಚ್ಚಿತು. ಅದನ್ನು ಕೊಡವಿ ಎಸೆದು ಗಂಡು ಮುಂದಕ್ಕೆ ಹೋಯಿತು. ಹಲ್ಲುಗಳು ಮರಿಯ ತೊಡೆಗೆ ನೆಟ್ಟು ಜಾರಿದವು. ಮರಿಯ ಕೂಗು ಮನುಷ್ಯರ ಕೂಸಿನ ಕೂಗಿನ ಹಾಗಿತ್ತು.

ಸೋಮಪ್ಪ ಎದ್ದುಬಿಟ್ಟಿದ್ದ. ರುಮಾಲು ಕೆಳಗೆ ಬಿದ್ದದ್ದು ಅವನಿಗೆ ತಿಳಿಯಲಿಲ್ಲ. ಬಗ್ಗಿ, ಕೈಗೆ ಸಿಕ್ಕ ಒಂದು ಹಿಡಿ ದಪ್ಪದ ಕಲ್ಲನ್ನು ಎತ್ತಿದ. ಶೇವಂತೆವ್ವ ಅವನ ಮಣಿಕಟ್ಟು ಹಿಡಿದಳು.

"ಬ್ಯಾಡ್ರಿ ಹಿರಿಯಾರ. ಅದನ್ನ ಒಗದ್ರ ನಾಳೆ ನೀವು ಕರ್ಪೂರ ಆರಸಬೇಕಾಗ್ತೈತಿ."

ಕಲ್ಲು ಅವನ ಕೈಯಿಂದ ಜಾರಿತು. ಅವಳು ಕವಣೆ ಬೀಸಿದಳು. ಮಣ್ಣಿನ ಉಂಡೆ ಗಂಡಿಗೂ ತಾಯಿಗೂ ನಡುವಿನ ಕೊಂಬೆಗೆ ತಾಗಿ ಸಿಡಿದು ಧೂಳೆದ್ದಿತು. ಎರಡನೆಯ ಉಂಡೆ, ಮೂರನೆಯದು. ಗಂಡು ಹಲ್ಲು ಕಿಸಿದು ಹಿಂದಕ್ಕೆ ಸರಿಯಿತು. ಆ ಎಡೆಯಲ್ಲಿ ತಾಯಂದಿರಿಬ್ಬರೂ ನೆಲಕ್ಕಿಳಿದು, ಮರಿಗಳನ್ನು ಕಟ್ಟಿಕೊಂಡು, ಹಳ್ಳ ದಾಟಿ ಮುದಿ ಗಂಡು ಹೋದ ಕುರುಚಲಿನ ಕಡೆಗೆ ಓಡಿದವು. ಅವು ಅಲ್ಲಿ ಬದುಕಿದವೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಮರುದಿನ ಸೂರ್ಯ ಮೂಡುವಾಗ ತೊಟ್ಟಿಲ ಮುಂದೆ ಸೋಮಪ್ಪ ನಿಂತು ನಾಲ್ಕೇ ಮಾತು ಹೇಳಿದ. "ಶೇವಂತೆವ್ವ ಮಾಡಿಲ್ಲ. ಸಾವಕಾರನೂ ಮಾಡಿಲ್ಲ. ಮಾಡಿದವರನ್ನ ನಾ ಕಣ್ಣಾರೆ ನೋಡೇನಿ. ಅವರಿಗೆ ದಂಡಾ ಹಾಕೂ ಹಕ್ಕು ನಮಗಿಲ್ಲ, ಹೆಸರು ಕೇಳಬ್ಯಾಡ್ರಿ." ತಾನೇ ಕೈಯಾರೆ ಅವಳ ಗೊಂಚಲನ್ನು ತೊಟ್ಟಿಲಿಗೆ ಕಟ್ಟಿದ.

ಗುಡಿಸಲು ಉಳಿಯಿತು. ಸಂಶಯ ಮಾತ್ರ ಊರು ಬಿಟ್ಟು ಹೋಗಲಿಲ್ಲ, ಮನೆ ಬದಲಿಸಿತು. ದಂಡ ಹಾಕಲಾಗದವರು ಎಂದರೆ ಯಾರು? ದೊಡ್ಡವರೇ ಇರಬೇಕು. ಸೋಮಪ್ಪನ ಮಗನೇ ಇರಬೇಕು, ಅದಕ್ಕೇ ಮುದುಕ ಹೆಸರು ನುಂಗಿದ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಅದು ಅವನ ಕಿವಿಗೂ ಬಿತ್ತು. ಅವನು ಅದನ್ನು ಅಲ್ಲಗಳೆಯಲಿಲ್ಲ. ಗುರುಶಿದ್ದಪ್ಪನ ಅಂಗೈಯ ಸುಟ್ಟ ಗಾಯ ಎರಡು ತಿಂಗಳು ಮಾಯಲಿಲ್ಲ. ದಿನಾಲೂ ಸಂಜೆ ಅವನು ತನ್ನ ಗುಡಿಸಲಿನ ದೀಪಕ್ಕೆ ಎಣ್ಣೆ ಸಾಲದೇನೋ ಎಂದು ಮೂರು ಸಲ ಎದ್ದು ನೋಡುತ್ತಿದ್ದ. ಕೊನೆಗೆ ಒಂದು ದಿನ ಸೋಮಪ್ಪನ ಕಾಲು ಹಿಡಿದು ಎಲ್ಲವನ್ನೂ ಹೇಳಿದ. ಸೋಮಪ್ಪ, "ನಾನೂ ಊರಿಗೆ ಅರ್ಧಾನ ಹೇಳೇನಿ, ಏಳು" ಎಂದನಂತೆ.

ಶೇವಂತೆವ್ವ ಆ ಬಳಿಕ ಬಹಳ ವರ್ಷ ಅದೇ ತೋಟ ಕಾದಳು. ಹಿಂಡನ್ನು ಒಡ್ಡಿನಾಚೆಗೆ ಅಟ್ಟುವುದನ್ನು ಮಾತ್ರ ಇಬ್ಬರೂ ಬಿಟ್ಟರು. ರಸ್ತೆಯ ಹುಣಸೆಯ ಕಡೆಗೆ ಓಡಿಸಿ, ಅವುಗಳ ಗಡಿಯೊಳಗೇ ಇರಗೊಡುತ್ತಿದ್ದರು.

ಆ ತೊಟ್ಟಿಲ ಹಬ್ಬದ ಮುಂದಿನ ಸಂಕ್ರಾಂತಿ ಕಳೆದ ಮೇಲೆ ಸೋಮಪ್ಪ ಬೆತ್ತ ಊರಿಕೊಂಡು ಒಬ್ಬನೇ ತೋಟಕ್ಕೆ ಬಂದ. ಬೇವಿನ ಮರದಲ್ಲಿ ನಾಲ್ಕು ಹೊಸ ಮರಿಗಳು. ಒಂದು ಮರಿ ಹುಬ್ಬಿನ ಗಾಯದ ಗಂಡಿನ ಬೆನ್ನ ಮೇಲೆ ಹತ್ತಿ ಜಾರಿ ಬೀಳುತ್ತಿತ್ತು. ಗಂಡು ಕಣ್ಣು ಮುಚ್ಚಿ ಕುಳಿತಿತ್ತು.

"ಇವನ್ನ ಏನೂ ಮಾಡೂದಿಲ್ಲೇನು?"

"ಇಲ್ರಿ. ಇವು ಅದರವು. ಈಗ ಇವಕ್ಕಾಗಿ ಜೀವಾ ಕೊಡ್ತೈತಿ."

ಸೋಮಪ್ಪ ಬೆತ್ತ ಎತ್ತಿ ಗಂಡಿನ ಕಡೆಗೆ ತೋರಿಸಿದ. "ಮತ್ತ ಇದಕ್ಕಿಂತ ಗಟ್ಟಿಯದು ಒಂದು ಬಂದ್ರ?"

ಹಳ್ಳದ ಕಡೆಯಿಂದ ಗುರುತಿಲ್ಲದ ಕೂಗೊಂದು ಕೇಳಿದಂತಾಯಿತು. ಶೇವಂತೆವ್ವ ಕೈಯೆತ್ತಿ ಅವನನ್ನು ಸುಮ್ಮನಿರಿಸಿ, ಅತ್ತ ಕಿವಿಗೊಟ್ಟು ನಿಂತಳು.